ಬಾಣಕ್ಕೆ ಗರಿ ಅಂಟಿಸುವ ಜಿಗ್: ಬಲಗೈಯವರಿಗೆ ಯಾವುದು?

ಪ್ರಶ್ನೆ: "ಸರ್, ನಾನು ಮೂಡಬಿದ್ರೆ ಕಡೆಯವ, ಈಗ ಕೆನಡಾದಲ್ಲಿ ಇದ್ದೇನೆ. ಇಲ್ಲಿ ಲೈಸನ್ಸ್ ಮಾಡಿಸಿ ಬಿಲ್ಲಿನಲ್ಲಿ ಜಿಂಕೆ ಬೇಟೆ ಶುರು ಮಾಡಿದ್ದೇನೆ. ಬಾಣಕ್ಕೆ ಗರಿ ನಾನೇ ಅಂಟಿಸ್ಬೇಕು ಅಂತ ಆಸೆ. ಯಾವ ಜಿಗ್ ತಗೊಳ್ಳಲಿ? ನಾನು ಬಲಗೈಯವ, ಹಾಗಾದ್ರೆ ರೈಟ್ ಹೆಲಿಕಲ್ಲೇ ಬೇಕಲ್ವಾ?"

ಬೇಡ. ಬೇಕಾದ್ರೆ ತಗೊಳ್ಳಿ, ಆದ್ರೆ ನೀವು ಬಲಗೈಯವರು ಅನ್ನುವ ಕಾರಣಕ್ಕೆ ಬೇಡ. (ರೈಟ್ ಹೆಲಿಕಲ್ ಅಂದ್ರೆ ಗರಿಯನ್ನು ಬಾಣದ ಕಡ್ಡಿಗೆ ಬಲಕ್ಕೆ ಸುತ್ತಿಕೊಂಡ ಹಾಗೆ ಕೂರಿಸುವುದು.) ಈ ಒಂದು ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ದೇವರಿಗೇ ಗೊತ್ತು, ಫೋನಲ್ಲಿ, ವಾಟ್ಸಾಪಲ್ಲಿ, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಸಾರು ಬಡಿಸುವಾಗ ಸಹ. ಹಾಗಾಗಿ ಈ ಸಲ ಪೂರ್ತಿ ಬರೆದು ಹಾಕ್ತೇನೆ, ಇನ್ನು ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸುವುದು.

ಊರಲ್ಲಿ ಕೂತು ಓದುವವರಿಗೆ ಮೊದಲೇ ಹೇಳಿಬಿಡ್ತೇನೆ. ಕೆನಡಾದಲ್ಲಿ ಲೈಸನ್ಸ್ ಸಿಗ್ತದೆ, ಸೀಸನ್ ಉಂಟು, ಅವರು ಮಾಡ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ತುಳುನಾಡಿನ ಕೆಡ್ಡಸ ಹಬ್ಬದ ಬೇಟೆ ಎಲ್ಲ ಅಜ್ಜನ ಕಾಲದ ಕಥೆ ಆಯ್ತು. ತೋಟಕ್ಕೆ ಹಂದಿ ಬರ್ತದೆ ಅಂತ ಬಿಲ್ಲು ಹಿಡಿದುಕೊಂಡು ಹೋಗ್ಬೇಡಿ, ಆಮೇಲೆ ನನ್ನ ಹೆಸರು ಹೇಳ್ಬೇಡಿ. ಟಾರ್ಗೆಟ್‌ಗೆ ಹೊಡೆಯುವವರಿಗೂ ಕೆಳಗಿನ ಮಾತೆಲ್ಲ ಅಷ್ಟೇ ಅನ್ವಯ.

ಈಗ ಜಿಗ್. ಜಿಗ್ ಅಂದ್ರೆ ಎಂತದು, ಬಾಣದ ಕಡ್ಡಿಯನ್ನು ಅಲ್ಲಾಡದ ಹಾಗೆ ಹಿಡಿದು, ಗರಿಯನ್ನು ಪ್ರತಿ ಸಲ ಅದೇ ಕೋನದಲ್ಲಿ, ಅದೇ ದೂರದಲ್ಲಿ ಕೂರಿಸುವ ಒಂದು ಹಿಡಿಕೆ, ಅಷ್ಟೇ. ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಜಾತಿ. ಒಂದು ಬಿಟ್ಜನ್‌ಬರ್ಗರ್ ತರದ್ದು, ಗಟ್ಟಿ ಲೋಹದ್ದು, ಗರಿ ಹಿಡಿಯುವ ಕ್ಲಾಂಪ್ ಮ್ಯಾಗ್ನೆಟ್‌ಗೆ ಕಚ್ಚಿಕೊಳ್ತದೆ, ಒಂದು ಸಲಕ್ಕೆ ಒಂದೇ ಗರಿ. ಇನ್ನೊಂದು ಅರಿಜೋನಾ ಈಜಿ ಫ್ಲೆಚ್ ತರದ್ದು, ಮೂರು ಕೈ ಹೂವಿನ ಹಾಗೆ ಮಡಚಿಕೊಂಡು ಮೂರೂ ಗರಿಯನ್ನು ಒಟ್ಟಿಗೆ ಒತ್ತಿಬಿಡ್ತದೆ. ಮೊದಲನೆಯದು ನಿಧಾನ ಆದ್ರೆ ಹೇಳಿದ ಹಾಗೆ ಕೇಳ್ತದೆ, ಮೂರು ಗರಿ, ನಾಲ್ಕು ಗರಿ, ಕೋನ ಜಾಸ್ತಿ ಕಮ್ಮಿ ಎಲ್ಲ ಮಾಡಬಹುದು. ಎರಡನೆಯದು ಬೇಗ, ಆದ್ರೆ ಅದರ ಕೋನ ಕಂಪನಿಯವರು ಇಟ್ಟದ್ದೇ ಇರ್ತದೆ, ನಿಮ್ಮ ಕೈಯಲ್ಲಿಲ್ಲ.

ಎಷ್ಟು ನಿಧಾನ ಅಂತ ಕೇಳ್ತೀರಲ್ಲ, ಲೆಕ್ಕ ಹಾಕಿ. ಹನ್ನೆರಡು ಬಾಣ, ಮೂರು ಮೂರು ಗರಿ, 36 ಸಲ ಕ್ಲಾಂಪ್ ಹಾಕಿ ತೆಗಿಬೇಕು. ಹಳೇ ತರದ ಸಿಮೆಂಟ್ ಗಮ್ ಆದ್ರೆ ಒಂದಕ್ಕೆ ಹತ್ತು ನಿಮಿಷ ಅಂತ ಇಟ್ಟರೂ ಆರು ಗಂಟೆ, ಒಂದು ಭಾನುವಾರ ಹೋಯ್ತು. ಇನ್‌ಸ್ಟಂಟ್ ಗಮ್ ಆದ್ರೆ ಅರ್ಧ ನಿಮಿಷವೂ ಬೇಡ. ವರ್ಷಕ್ಕೆ ಹನ್ನೆರಡು ಬಾಣ ಮಾಡುವವರಿಗೆ ಸ್ಪೀಡ್ ಎಂತಕ್ಕೆ? ಒಂದು ಗರಿಯ ಜಿಗ್ಗೇ ಸಾಕು. ಬೇಟೆಯ ಬಾಣಕ್ಕಂತೂ ಅದೇ ನನ್ನ ಆಯ್ಕೆ, ಯಾಕೆ ಅಂದ್ರೆ ಮುಂದೆ ಅಗಲ ಬ್ಲೇಡಿನ ಮೊನೆ ಹಾಕಿದ್ರೆ ಆ ಬ್ಲೇಡೇ ಗಾಳಿಗೆ ರೆಕ್ಕೆಯ ಹಾಗೆ ಸಿಕ್ಕಿ ಬಾಣವನ್ನು ಎಳೀತದೆ, ಅದನ್ನು ಹಿಂದಿನಿಂದ ಸರಿ ದಾರಿಗೆ ತರುವ ಕೆಲಸ ಗರಿಯದ್ದು, ಅದಕ್ಕೆ ಗರಿ ಸ್ವಲ್ಪ ಓರೆಯಾಗಿ ಅಥವಾ ಸುತ್ತಿಕೊಂಡ ಹಾಗೆ ಕೂರ್ಬೇಕು. ಆ ಓರೆ ಎಷ್ಟು ಅಂತ ನೀವೇ ನಿರ್ಧಾರ ಮಾಡುವ ಜಿಗ್ ಇದ್ರೆ ಒಳ್ಳೇದು.

ತಗೊಂಡ ಕೂಡಲೇ ಗಮ್ ಹಚ್ಬೇಡಿ. ಕಡ್ಡಿ ಇಟ್ಟು, ಗರಿ ಕ್ಲಾಂಪಿಗೆ ಹಾಕಿ, ಗಮ್ ಇಲ್ಲದೆಯೇ ಒತ್ತಿ, ಟ್ಯೂಬ್‌ಲೈಟಿನ ಎದುರು ಹಿಡಿದು ನೋಡಿ. ಗರಿಯ ಬುಡಕ್ಕೂ ಕಡ್ಡಿಗೂ ನಡುವೆ ಬೆಳಕು ಕಂಡ್ರೆ, ಅದೂ ತುದಿಯಲ್ಲಿ, ಕೋನ ಜಾಸ್ತಿ ಆಯ್ತು ಅಂತ ಅರ್ಥ. ಈಗಿನ ಸಪೂರ ಕಾರ್ಬನ್ ಕಡ್ಡಿಯಲ್ಲಿ ಇದು ಭಾರೀ ಸಾಮಾನ್ಯ. ಗಮ್ ತುಂಬಿಸಿ ಆ ಸಂದು ಮುಚ್ಲಿಕ್ಕೆ ಹೋಗ್ಬೇಡಿ, ಕೋನ ಕಮ್ಮಿ ಮಾಡಿ.

ಇನ್ನು ಆ ಬಲಗೈ ಪುರಾಣ.

ಯಾರು ಶುರು ಮಾಡಿದ್ರೋ ಗೊತ್ತಿಲ್ಲ, ಬಲಗೈಯವರಿಗೆ ಬಲ ಹೆಲಿಕಲ್, ಎಡಗೈಯವರಿಗೆ ಎಡ, ತಪ್ಪಿದ್ರೆ ಬಾಣ ದಾರಿ ತಪ್ತದೆ ಅಂತ. ಹಾಗಾದ್ರೆ ನಮ್ಮ ಅರ್ಜುನನ ಕಥೆ ಎಂತ ಮಾರಾಯ್ರೆ? ಅವನು ಸವ್ಯಸಾಚಿ, ಎರಡೂ ಕೈಯಲ್ಲಿ ಬಿಡುವವ. ಕುರುಕ್ಷೇತ್ರದಲ್ಲಿ ಕೈ ಬದಲಾಯಿಸಿದಾಗೆಲ್ಲ ಕೃಷ್ಣ ಹಿಂದೆ ತಿರುಗಿ ಬೇರೆ ಬತ್ತಳಿಕೆ ಕೊಡ್ತಿದ್ನಾ?

ತಮಾಷೆ ಬಿಡಿ. ಬಾಣ ತಿರುಗ್ಲಿಕ್ಕೆ ಶುರುವಾಗುವುದು ಗಾಳಿ ಗರಿಗೆ ಬಡಿದ ಮೇಲೆ. ಬಿಲ್ಲಿನ ಹಗ್ಗದಲ್ಲಿ ಸಿಕ್ಕಿಕೊಂಡಿರುವಾಗ ಅದು ತಿರುಗುವುದು ಹೇಗೆ, ನಾಕ್, ಅಂದ್ರೆ ಬಾಣದ ಹಿಂದಿನ ತುದಿಯ ಕಚ್ಚು, ಹಗ್ಗವನ್ನು ಕಚ್ಚಿಕೊಂಡಿದೆಯಲ್ಲ! ಹಗ್ಗ ಬಿಟ್ಟು ಹೊರಟ ಮೇಲೆ ನಿಮ್ಮ ಕೈ ಎಡವೋ ಬಲವೋ ಅಂತ ಬಾಣಕ್ಕೆ ಎಲ್ಲಿ ಗೊತ್ತು? "ಅಲ್ಲ ಸರ್, ಬೆರಳು ಬಿಡುವಾಗ ಹಗ್ಗ ಓರೆ ಹೋಗ್ತದಲ್ಲ" ಅಂತ ಒಬ್ರು ವಾದ ಮಾಡಿದ್ರು. ಹೋಗ್ತದೆ, ಸರಿ. ಬಲಗೈಯವರು ಬೆರಳಲ್ಲಿ ಬಿಟ್ರೆ ಹಗ್ಗ ಒಂಚೂರು ಎಡಕ್ಕೆ ಸರಿದು ಬಾಣ ಬಂಗುಡೆ ಈಜಿದ ಹಾಗೆ ಆಚೆ ಈಚೆ ಬಳುಕ್ತದೆ. ಆದ್ರೆ ಅದು ಬಳುಕುವುದು, ತಿರುಗುವುದಲ್ಲ. ಬಳುಕುವುದಕ್ಕೆ ಮದ್ದು ಕಡ್ಡಿಯ ಬಿಗಿ, ಅಂದ್ರೆ ಸ್ಪೈನ್, ಸರಿಯಾದದ್ದು ತಗೊಳ್ಳುವುದು. ಗರಿ ಯಾವ ಕಡೆಗೆ ಸುತ್ತಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನನ್ನ ಹತ್ರ ಕಲೀಲಿಕ್ಕೆ ಬರುವ ಹುಡುಗ ಒಬ್ಬ ಇದನ್ನು ನಂಬ್ಲೇ ಇಲ್ಲ. ಸರಿ ಅಂತ ಒಂದೇ ತೂಕದ ಆರು ಬಾಣಕ್ಕೆ ಎಡ, ಆರಕ್ಕೆ ಬಲ ಅಂಟಿಸಿದೆ, ಎಲ್ಲ ಬಿಳಿ ಗರಿಯೇ, ಗುರುತು ನಾಕಿನ ಒಳಗೆ ಮಾರ್ಕರಲ್ಲಿ ಒಂದು ಚುಕ್ಕೆ. ಕಲಸಿ ಕೊಟ್ಟು 18 ಮೀಟರಿಂದ ಹೊಡಿ ಅಂದೆ. ಹೊಡೆದು ಮುಗಿಸಿ ಟಾರ್ಗೆಟ್ ಹತ್ರ ಹೋಗಿ "ಯಾವುದು ಎಡ ಹೇಳು" ಅಂದ್ರೆ ಅವನು ಹೊರಗೆ ಬಿದ್ದ ಎರಡನ್ನು ತೋರಿಸಿದ. ಕಿತ್ತು ನೋಡಿದ್ರೆ ಒಂದು ಎಡ, ಒಂದು ಬಲ. ಆ ಎರಡೂ ಅವನ ಮೊಣಕೈ ಜಾರಿದ್ದರಿಂದ ಹೋದದ್ದು, ನಾನು ಹಿಂದೆಯೇ ನಿಂತು ನೋಡಿದ್ದೆ.

ಹಾಗಾದ್ರೆ ಎಡ ಬಲ ಅಂತ ಎರಡು ಕ್ಲಾಂಪ್ ಮಾರುವುದು ಎಂತಕ್ಕೆ? ಹಕ್ಕಿಗೆ ಎರಡು ರೆಕ್ಕೆ ಇರುವುದರಿಂದ! ಬಾಣದ ಗರಿ ಈಗ ಹೆಚ್ಚಾಗಿ ಟರ್ಕಿ ಕೋಳಿಯ ರೆಕ್ಕೆಯದ್ದು. ಎಡ ರೆಕ್ಕೆಯ ಗರಿ ಒಂದು ಕಡೆಗೆ ಬಾಗಿರ್ತದೆ, ಬಲದ್ದು ಇನ್ನೊಂದು ಕಡೆಗೆ, ಒಂದು ಮೈ ನುಣ್ಣಗೆ, ಇನ್ನೊಂದು ಮೈ ಮಂಕು. ಎಡ ರೆಕ್ಕೆಯ ಗರಿಗೆ ಎಡ ಕ್ಲಾಂಪ್, ಬಲ ರೆಕ್ಕೆಯದ್ದಕ್ಕೆ ಬಲ ಕ್ಲಾಂಪ್. ಉಲ್ಟಾ ಹಾಕಿದ್ರೆ ಗರಿಯನ್ನು ಅದರ ಸ್ವಭಾವಕ್ಕೆ ವಿರುದ್ಧ ತಿರುಚಿದ ಹಾಗೆ ಆಗ್ತದೆ, ಬುಡ ಸರಿ ಕೂರುವುದಿಲ್ಲ. ಒಂದೇ ಬಾಣಕ್ಕೆ ಎರಡೂ ರೆಕ್ಕೆಯ ಗರಿ ಬೆರೆಸುವುದು ಮಾತ್ರ ಮಹಾಪಾಪ. ಪ್ಯಾಕೆಟಿನ ಮೇಲೆ ಯಾವ ರೆಕ್ಕೆ ಅಂತ ಬರೆದಿರ್ತದೆ, ಓದಿ ತಗೊಳ್ಳಿ. ಅಂದ್ರೆ ಕ್ಲಾಂಪ್ ನಿರ್ಧಾರ ಮಾಡುವುದು ನಿಮ್ಮ ಕೈ ಅಲ್ಲ, ಕೋಳಿಯ ರೆಕ್ಕೆ. ಗರಿಯ ಬದಲು ಅಂಟಿಸುವ ಪ್ಲಾಸ್ಟಿಕ್ ವೇನ್ ಆದ್ರೆ ಆ ರಗಳೆಯೂ ಇಲ್ಲ, ಅದಕ್ಕೆ ಎಡವೂ ಇಲ್ಲ ಬಲವೂ ಇಲ್ಲ.

ಒಂದು ಸಣ್ಣ ಸತ್ಯ ಇದ್ರಲ್ಲಿ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಬಾಣದ ಮೊನೆಯ ಸ್ಕ್ರೂ ಎಲ್ಲ ಸ್ಕ್ರೂವಿನ ಹಾಗೆ ಬಲಕ್ಕೆ ಬಿಗಿ ಆಗುವಂತದ್ದು. ಎಡ ಹೆಲಿಕಲ್ ಬಾಣ ತಿರುಗುತ್ತಾ ಬಂದು ಫೋಮಿಗೆ ನಾಟಿದಾಗ ಮೊನೆ ನಿಲ್ತದೆ, ಕಡ್ಡಿ ಇನ್ನೂ ತಿರುಗ್ಲಿಕ್ಕೆ ನೋಡ್ತದೆ, ಆಗ ಸ್ಕ್ರೂ ಒಂದಿಷ್ಟು ಸಡಿಲ ಆಗಬಹುದು. ಬಲದ್ದರಲ್ಲಿ ಅದೇ ಬಿಗಿ ಆಗ್ತದೆ. ಆದ್ರೆ ಇದು ಎಡಗೈಯವ ಹೊಡೆದ್ರೂ ಅಷ್ಟೇ, ಬಲಗೈಯವ ಹೊಡೆದ್ರೂ ಅಷ್ಟೇ. ಬಾಣ ಕಿತ್ತ ಮೇಲೆ ಎರಡು ಬೆರಳಲ್ಲಿ ಮೊನೆಯನ್ನು ಒಮ್ಮೆ ತಿರುಗಿಸಿ ನೋಡಿದ್ರೆ ಮುಗೀತು. ಬೇಟೆಗೆ ಹೋಗುವವರು ಇದನ್ನು ಹೇಗೂ ಮಾಡ್ಲೇಬೇಕು.

ಹಾಗಾಗಿ ಕೆನಡಾದ ತಮ್ಮನಿಗೆ: ಒಂದು ಗರಿಯ ಲೋಹದ ಜಿಗ್, ಅದಕ್ಕೆ ನೇರ ಕ್ಲಾಂಪ್ ಒಂದು. ನೇರ ಕ್ಲಾಂಪಲ್ಲಿ ಯಾವ ಕಡೆಗೆ ಬೇಕಾದ್ರೂ ಸ್ವಲ್ಪ ಓರೆ ಕೊಡಬಹುದು, ಎಡ ಬಲ ಅಂತ ಮಂಡೆ ಬಿಸಿ ಇಲ್ಲ. ಪೂರ್ತಿ ಹೆಲಿಕಲ್ಲೇ ಬೇಕು ಅಂತ ಅನಿಸಿದ ದಿನ, ಅಂಗಡಿಯಲ್ಲಿ ಯಾವ ರೆಕ್ಕೆಯ ಗರಿ ಸಲೀಸಾಗಿ ಸಿಗ್ತದೋ ಆ ಕಡೆಯ ಕ್ಲಾಂಪ್ ತಗೊಳ್ಳಿ. ಬಾಣ ಕೂರಿಸುವ ರೆಸ್ಟ್ ಇಲ್ಲದೆ ಬಿಲ್ಲಿನ ಮೇಲೆಯೇ ಬಾಣ ಇಟ್ಟು ಹೊಡೆಯುವವರಾದ್ರೆ ಗರಿಯೇ ಇರಲಿ, ಪ್ಲಾಸ್ಟಿಕ್ ಬೇಡ. ಗರಿ ಬಿಲ್ಲಿಗೆ ತಾಗಿದ್ರೆ ಮಡಚಿಕೊಂಡು ದಾಟ್ತದೆ, ಪ್ಲಾಸ್ಟಿಕ್ ಒದ್ದು ಬಾಣವನ್ನು ಓರೆ ಮಾಡ್ತದೆ.

ಊರಿನವರಿಗೆ ಗಮ್ಮಿನ ವಿಷಯ ಒಂದು. ಫೆವಿಕ್ವಿಕ್ ತರದ ಗಮ್ ಗಟ್ಟಿ ಆಗುವುದೇ ಗಾಳಿಯ ಪಸೆಯಿಂದ, ಹಾಗಾಗಿ ನಮ್ಮ ಮಳೆಗಾಲದ ಆಟಿ ತಿಂಗಳಲ್ಲಿ ಅದು ಗರಿ ಇಡುವುದರೊಳಗೆ ಹಿಡಿದುಬಿಡ್ತದೆ, ಜಾಸ್ತಿ ಹಾಕಿದ್ರೆ ಸುತ್ತ ಬೂದಿ ಮೆತ್ತಿದ ಹಾಗೆ ಬಿಳಿ ಬರ್ತದೆ. ಸಪೂರ ಒಂದು ಗೆರೆ, ಎರಡು ತುದಿಗೆ ಒಂದೊಂದು ಚುಕ್ಕೆ, ಸಾಕು. ಮತ್ತೆ ಕಡ್ಡಿಯನ್ನು ಸ್ಪಿರಿಟಲ್ಲಿ ಒರೆಸಿದ ಮೇಲೆ ಮುಟ್ಬೇಡಿ. ನಾನು ಒಮ್ಮೆ ಮಿಂದು ತಲೆಗೆ ತೆಂಗಿನೆಣ್ಣೆ ಹಚ್ಚಿ ಅದೇ ಕೈಯಲ್ಲಿ ಕೂತು ಹನ್ನೆರಡು ಬಾಣ ಮಾಡಿದ್ದೆ, ಮರುದಿನ ಮೊದಲ ರೌಂಡಲ್ಲೇ ಐದು ಗರಿ ಗದ್ದೆಗೆ ಹಾರಿತು. ಹೆಂಡತಿ ಇವತ್ತಿಗೂ ಅದನ್ನು ಬಂದ ನೆಂಟರಿಗೆಲ್ಲ ಹೇಳ್ತಾಳೆ.

ಯಾರೂ ಕೇಳ್ಲಿಲ್ಲ, ಆದ್ರೆ ಮನಸ್ಸಲ್ಲಿ ಇದ್ದೇ ಇರ್ತದೆ: ನವಿಲುಗರಿ ಆಗ್ತದಾ? ಈಗ ಹಿತ್ತಲಿಗೆಲ್ಲ ನವಿಲು ಬರ್ತದಲ್ಲ. ಆಗುವುದಿಲ್ಲ. ಬಾಲದ ಆ ಚಂದದ ಗರಿಯ ಎಳೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುವುದಿಲ್ಲ, ಬಿಡಿ ಬಿಡಿ, ಗಾಳಿ ಅದರ ನಡುವೆ ಸೋರಿ ಹೋಗ್ತದೆ. ರೆಕ್ಕೆಯ ಗರಿಯ ಎಳೆಯನ್ನು ಬೆರಳಲ್ಲಿ ಬಿಡಿಸಿ ಮತ್ತೆ ಸವರಿ ನೋಡಿ, ಜಿಪ್ ಹಾಕಿದ ಹಾಗೆ ಕೂಡ್ತದೆ. ಬಾಣಕ್ಕೆ ಬೇಕಾದದ್ದು ಆ ಜಿಪ್ಪು. ಹಾಗಂತ ನವಿಲಿನ ರೆಕ್ಕೆಗೆ ಕೈ ಹಾಕ್ಲಿಕ್ಕೆ ಹೋದ್ರೆ ಅದು 1963ರಿಂದ ರಾಷ್ಟ್ರಪಕ್ಷಿ, ಮೇಲೆ ಹೇಳಿದ ಕಾಯಿದೆಯ ಮೊದಲನೇ ಪಟ್ಟಿಯಲ್ಲೇ ಉಂಟು. ಅಂಕದ ಹುಂಜದ ರೆಕ್ಕೆ ಕೇಳ್ತೀರಾದ್ರೆ, ಜಿಪ್ಪು ಉಂಟು, ಆದ್ರೆ ಗಿಡ್ಡ ಮತ್ತೆ ಮೆತ್ತಗೆ, ಮಕ್ಕಳ ಬಿದಿರಿನ ಬಾಣಕ್ಕೆ ನಡೀತದೆ. ಅದರಲ್ಲೂ ಎಡ ರೆಕ್ಕೆಯದ್ದು ಒಂದು ಡಬ್ಬಿಗೆ, ಬಲದ್ದು ಇನ್ನೊಂದು ಡಬ್ಬಿಗೆ ಹಾಕಿಡಿ, ಆಮೇಲೆ ಬೇರೆ ಮಾಡ್ಲಿಕ್ಕೆ ಕೂತ್ರೆ ಕಣ್ಣು ಹೋಗ್ತದೆ.