ಭೋಗಿಯ ದಿನ ಅಡಿಗೆ ಮಾಡಿದವರೂ ಎಲ್ಲರ ಜೊತೆ ಕೂತು ಉಣ್ಣುವುದು ಹೇಗೆ?

ಪ್ರಶ್ನೆ: ಭೋಗಿಗೆ ನಮ್ಮ ಮನೆಗೆ ಹತ್ತು ಹನ್ನೆರಡು ಮಂದಿ ಊಟಕ್ಕೆ ಬರತಾರ್ರಿ. ಹೋದ ವರ್ಷ ಎಲ್ಲಾರೂ ಉಂಡು ಎದ್ದರೂ ನಾ ಹಂಚಿನ ಮುಂದನ ಇದ್ದೆ. ನಾ ತಾಟು ಹಚ್ಚಿಕೊಂಡಾಗ ಮೂರು ಗಂಟೆ, ಪಲ್ಲೆ ಆರಿ ಹೋಗಿತ್ತು, ಜೊತಿಗೆ ಯಾರೂ ಇರಲಿಲ್ಲ. ಯಾವುದನ್ನ ಮೊದಲೇ ಮಾಡಿ ಇಡಬಹುದು, ಯಾವುದನ್ನ ಅವತ್ತೇ ಮಾಡಬೇಕು? — ಜಮಖಂಡಿಯ ಓದುಗರು

ಉತ್ತರ: ಭೋಗಿಯ ಊಟದಲ್ಲಿ ಅವತ್ತೇ ಮಾಡಬೇಕಾದದ್ದು ನಾಲ್ಕೇ: ಬದನೆಕಾಯಿ ಎಣ್ಣಿಗಾಯಿ, ಕಾಳು ಪಲ್ಲೆ, ಮೆತ್ತನ್ನ ಸಜ್ಜಿ ರೊಟ್ಟಿ, ಹಸಿ ತರಕಾರಿಯ ಪಚಡಿ. ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಮಾದ್ಲಿ, ನಾಲ್ಕಾರು ಬಗೆಯ ಚಟ್ನಿ ಪುಡಿ, ಇವೆಲ್ಲ ಮೊದಲೇ ಮಾಡಿ ಇಡಲಿಕ್ಕೆಂದೇ ಹುಟ್ಟಿದ ಅಡಿಗೆ.

ಇದು ಅರ್ಥವಾಗಬೇಕಾದರೆ ಭೋಗಿಗಿಂತ ಸ್ವಲ್ಪ ಮುಂಚೆ ಬರುವ ಎಳ್ಳ ಅಮಾವಾಸ್ಯೆಯನ್ನು ನೆನೆಸಿಕೊಳ್ಳಿ. ಅವತ್ತು ಊಟ ಮನೆಯಲ್ಲಿ ಅಲ್ಲ, ಹಿಂಗಾರಿ ಜೋಳ ಎದೆಮಟ್ಟ ನಿಂತ ಹೊಲದಲ್ಲಿ. ಬುಟ್ಟಿ ಕಟ್ಟಿ, ಬಂಡಿ ಹೂಡಿ, ಈಗ ಟ್ರ್ಯಾಕ್ಟರಿನಲ್ಲಿ, ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ನಾಲ್ಕೂ ದಿಕ್ಕಿಗೆ ಚರಗ, ಅಂದರೆ ನೈವೇದ್ಯದ ಅಡಿಗೆಯನ್ನು, ಚೆಲ್ಲಿ, ಆಮೇಲೆ ಊಟ. ಹೊಲದಲ್ಲಿ ಒಲೆ ಇಲ್ಲ. ಹಾಗಾಗಿ ಬುಟ್ಟಿಯಲ್ಲಿ ಇರುವುದೆಲ್ಲ ಹಿಂದಿನ ದಿನದ ಅಡಿಗೆ, ಇಲ್ಲವೇ ನಸುಕಿನಲ್ಲಿ ಮುಗಿಸಿದ್ದು. ಒಲೆ ಇಲ್ಲದ ಕಾರಣಕ್ಕೆ ಅಡಿಗೆ ಮಾಡಿದವರೂ ಅಲ್ಲಿ ಎಲ್ಲರ ಜೊತೆ ನೆಲಕ್ಕೆ ಕೂತು ಉಣ್ಣುತ್ತಾರೆ. ನಾನು ಕಂಡ ಹೊಲದ ಊಟಗಳಲ್ಲೆಲ್ಲ ಒಂದೇ ಪಂಕ್ತಿ. ಮನೆಗೆ ಬಂದ ಕೂಡಲೆ ಅದು ಎರಡಾಗುತ್ತದೆ: ಗಂಡಸರು ಮಕ್ಕಳು ಮೊದಲು, ಹೆಂಗಸರು ಆಮೇಲೆ. ಭೋಗಿಯ ಅಡಿಗೆ ಹೆಚ್ಚೂಕಡಿಮೆ ಅದೇ ಬುಟ್ಟಿಯ ಅಡಿಗೆ. ಹೊಲದ ರೀತಿಯನ್ನೂ ಮನೆಯೊಳಗೆ ತನ್ನಿ ಎಂದು ನಾನು ಒತ್ತಿ ಹೇಳುತ್ತೇನೆ.

ಯಾವುದನ್ನು ಎಷ್ಟು ದಿನ ಮೊದಲು ಮಾಡಬೇಕು ಎಂಬುದಕ್ಕೆ ನೀರು ನೋಡಿದರೆ ಸಾಕು. ಅಡಿಗೆಯಲ್ಲಿ ನೀರಿನ ಪಸೆ ಉಳಿದಷ್ಟೂ ಅದು ಬೇಗ ಕೆಡುತ್ತದೆ. ಕಡಲೆಬೇಳೆ ಹೋಳಿಗೆಯ ಹೂರಣ ಕುದಿಸಿ ರುಬ್ಬಿದ್ದು, ಅದು ಎರಡನೇ ದಿನಕ್ಕೇ ಹಳಸಲು ಶುರು. ಶೇಂಗಾ ಹೋಳಿಗೆಯ ಹೂರಣಕ್ಕೆ ನೀರೇ ಮುಟ್ಟುವುದಿಲ್ಲ. ಹುರಿದು ಸಿಪ್ಪೆ ತೆಗೆದ ಶೇಂಗಾ, ಹುರಿದ ಎಳ್ಳು, ಬೆಲ್ಲ, ಯಾಲಕ್ಕಿ ಕುಟ್ಟಿದ್ದಷ್ಟೇ. ಹಂಚಿನ ಮೇಲೆ ಚೆನ್ನಾಗಿ ಬೇಯಿಸಿ ಆರಿಸಿ ಡಬ್ಬಿಗೆ ಹಾಕಿದರೆ ವಾರ ದಾಟಿದರೂ ರುಚಿ ಹೋಗುವುದಿಲ್ಲ. ಆದ್ದರಿಂದ ಅದನ್ನು ಭೋಗಿಗೆ ನಾಲ್ಕು ದಿನ ಮುಂಚೆಯೇ ಮುಗಿಸಿಬಿಡಿ. ಮಾದ್ಲಿಯೂ ಹಾಗೆಯೇ: ಗೋಧಿ ತರಿಯ ದಪ್ಪ ಚಪಾತಿಯನ್ನು ಗರಿಯಾಗಿ ಬೇಯಿಸಿ ಪುಡಿ ಮಾಡಿ ಬೆಲ್ಲ, ಒಣಕೊಬ್ಬರಿ, ಪುಟಾಣಿ, ಗಸಗಸೆ ಬೆರೆಸಿ ಇಡಿ. ತುಪ್ಪ, ಹಾಲು ಮಾತ್ರ ತಾಟಿಗೆ ಬಂದ ಮೇಲೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳನ್ನು, ಅಂದರೆ ಚಟ್ನಿ ಪುಡಿಗಳನ್ನು, ಯಾವಾಗ ಬೇಕಾದರೂ ಕುಟ್ಟಿಡಬಹುದು.

ಇನ್ನು ರೊಟ್ಟಿ. ನಿಮ್ಮನ್ನು ಮೂರು ಗಂಟೆವರೆಗೆ ಹಿಡಿದಿಟ್ಟದ್ದು ಇದೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜೋಳದ ರೊಟ್ಟಿಯನ್ನು ವಾರದ ಹಿಂದೆಯೇ ಕಡಕ್ ಮಾಡಿ ಇಡಿ. ಬೆಂದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ, ಒಲೆ ಇದ್ದವರು ಒಲೆಯ ಪಕ್ಕಕ್ಕೆ ಆನಿಸಿ, ಪಸೆ ಪೂರ್ತಿ ಹಾರುವವರೆಗೆ ಒಣಗಿಸಬೇಕು. ಬಿಸಿ ಇರುವಾಗ ಬುಟ್ಟಿ ಮುಚ್ಚಿದರೆ ತನ್ನ ಹಬೆಗೆ ತಾನೇ ಮೆತ್ತಗಾಗುತ್ತದೆ. ಕೈಗೆ ಬಾರದಿದ್ದರೆ ಕೊಂಡು ತನ್ನಿ. ನಮ್ಮ ಕಡೆಯ ಊರುಗಳಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಓಣಿಗೊಬ್ಬರಾದರೂ ಇದ್ದಾರೆ. ಹಬ್ಬಕ್ಕೆ ಅವರ ರೊಟ್ಟಿ ತಂದರೆ ಏನೂ ಕಡಿಮೆಯಾಗುವುದಿಲ್ಲ.

ಸಜ್ಜಿ ರೊಟ್ಟಿಯ ಮಾತು ಬೇರೆ. ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕೇ ಬೇಕು. ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಚಳಿಗೆ ಮೈ ಒಡೆಯುವ ಹೊತ್ತಿಗೆ ಆ ಜಿಡ್ಡು ಹಿತ. ಸಜ್ಜೆಯಲ್ಲೂ ಎಣ್ಣೆಯಂಶ ಉಂಟು, ಹಿಟ್ಟಾದ ಮೇಲೆ ಅದೇ ಕೆಲವು ದಿನಗಳಲ್ಲಿ ಕಮಟು ಹಿಡಿದು ರೊಟ್ಟಿ ಕಹಿಯಾಗುತ್ತದೆ. ಜೋಳದ ಜೊತೆಗೇ ಬೀಸಿಸಿ ಇಡಬೇಡಿ, ಗಿರಣಿಗೆ ಎರಡು ದಿನ ಮುಂಚೆ ಹೋಗಿ, ಬೇಕಾದಷ್ಟೇ ಬೀಸಿಸಿ. ಈ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಎಳೆ ಬರುವುದಿಲ್ಲ. ಕುದಿಯುವ ಎಸರು ಹಾಕಿದಾಗಲೇ ಜಿಗಿ ಬರುವುದು. ಎಸರು ಹಾಕಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಚೆನ್ನಾಗಿ ನಾದಿ. ಹೊಸದಾಗಿ ಕಲಿಯುವವರು ಮೂರು ಪಾಲಿಗೆ ಒಂದು ಪಾಲು ಜೋಳದ ಹಿಟ್ಟು ಸೇರಿಸಿದರೆ ಅಂಚು ಬಿರಿಯುವುದು ಕಡಿಮೆ.

ಎಳ್ಳು ಹಚ್ಚುವುದರಲ್ಲಿ ಒಂದು ಕೈಚಳಕ ಇದೆ. ರೊಟ್ಟಿ ಮುಕ್ಕಾಲು ಅಗಲವಾದ ಮೇಲೆ ಎಳ್ಳು ಉದುರಿಸಬೇಕು, ಅಂಗೈಗೆ ನೀರು ಹಚ್ಚಿಕೊಂಡು ಮೆಲ್ಲಗೆ ತಟ್ಟುತ್ತ ಉಳಿದ ಕಾಲು ಭಾಗ ಹಿಗ್ಗಿಸಬೇಕು. ಒಣ ಕೈಯಲ್ಲಿ ತಟ್ಟಿದರೆ ಅರ್ಧ ಎಳ್ಳು ಹಂಚಿನ ಮೇಲೇ ಚಟಪಟ ಸಿಡಿದು ಸುಟ್ಟು ಹೋಗುತ್ತದೆ. ಹಂಚಿಗೆ ಹಾಕಿ ಮೇಲೆ ನೀರು ಹಚ್ಚುವಾಗಲೂ ಹಸಿ ಅರಿವೆಯನ್ನು ಎಳೆದು ಒರೆಸಬೇಡಿ, ಒತ್ತಿ ಒತ್ತಿ ತೆಗೆಯಿರಿ. ನನ್ನ ಅವ್ವ "ಕೂಸಿನ ಹಣಿ ಒರಸಿದಂಗ" ಅನ್ನುತ್ತಿದ್ದಳು.

ಹನ್ನೆರಡು ಮಂದಿಗೆ ಹದಿನೈದು ಸಜ್ಜಿ ರೊಟ್ಟಿ ಸಾಕು, ಉಳಿದ ಹಸಿವಿಗೆ ಕಡಕ್ ರೊಟ್ಟಿ ಇದೆ. ಹತ್ತೂವರೆಗೆ ಹಂಚು ಇಟ್ಟರೆ ಹನ್ನೆರಡಕ್ಕೆ ಮುಗಿಯುತ್ತದೆ. ಒಂದರ ಮೇಲೊಂದು ಪೇರಿಸಿ, ದಪ್ಪ ಹತ್ತಿ ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಒಂದೆರಡು ತಾಸು ಮೆತ್ತಗೇ ಇರುತ್ತವೆ. "ಬಿಸಿ ರೊಟ್ಟಿ ಹಂಚಿನಿಂದ ನೇರ ತಾಟಿಗೇ ಬೀಳಬೇಕು" ಎನ್ನುವ ಮಾವಂದಿರು ಇರುತ್ತಾರೆ. ಅವರಿಗೆ ಸಮಾಧಾನದಿಂದ ಹೇಳಿ: "ಇವತ್ತ ನಾನೂ ನಿಮ್ಮ ಜೋಡಿ ಉಣ್ಣತೇನ್ರಿ ಮಾವಾ, ರೊಟ್ಟಿ ಅರಿವ್ಯಾಗ ಬೆಚ್ಚಗ ಅದಾವು."

ಬದನೆಕಾಯಿ ಸಣ್ಣವು, ತೊಟ್ಟಿಗೆ ಮುಳ್ಳಿರುವವು ಆರಿಸಿ. ಮಸಾಲೆಯನ್ನು, ಅಂದರೆ ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಪುಡಿಯನ್ನು, ಹಿಂದಿನ ದಿನ ಒಣದಾಗಿಯೇ ಕುಟ್ಟಿಡಿ. ಹುಣಸೆ ರಸ, ಬೆಲ್ಲ, ಉಳ್ಳಾಗಡ್ಡಿ ಬೆಳಿಗ್ಗೆ ಕೂಡಲಿ. ಎಂಟು ಗಂಟೆಗೆ ಎಣ್ಣಿಗಾಯಿ ಇಳಿಸಿದರೆ ಊಟದ ಹೊತ್ತಿಗೆ ರಸ ಕಾಯಿಯೊಳಗೆ ಇಳಿದು ಇನ್ನೂ ರುಚಿ, ಬಡಿಸುವ ಮುಂಚೆ ಒಮ್ಮೆ ಬೆಚ್ಚಗೆ ಮಾಡಿದರಾಯಿತು. ಕಾಳು ಪಲ್ಲೆಗೆ ಮಡಕಿ ಕಾಳನ್ನು ಎರಡು ದಿನ ಮುಂಚೆ ನೆನೆಹಾಕಿ, ಮರುದಿನ ಅರಿವೆಯಲ್ಲಿ ಕಟ್ಟಿದರೆ ಭೋಗಿಯ ಬೆಳಿಗ್ಗೆ ಮೊಳಕೆ ಸಿದ್ಧ.

ಬಡಿಸುವ ಕ್ರಮವನ್ನೂ ಬದಲಿಸಿ. ಒಬ್ಬರು ನಿಂತು ಬಡಿಸಿದರೆ ಆ ಒಬ್ಬರು ಉಳಿದೇ ಬಿಡುತ್ತಾರೆ. ನಡುಮನೆಯಲ್ಲಿ ಉದ್ದಕ್ಕೆ ಚಾಪೆ ಹಾಸಿ ಎರಡು ಸಾಲು ಎದುರುಬದುರು ಕೂಡಿ, ಮಧ್ಯದಲ್ಲಿ ರೊಟ್ಟಿ ಬುಟ್ಟಿ ಎರಡು ಕಡೆ, ಪಲ್ಲೆಯ ಪಾತ್ರೆ ಎರಡು ಕಡೆ, ಮೊಸರಿನ ಗಡಿಗೆ ಒಂದು. ಕೊಲ್ಹಾರದ ಗಡಿಗೆ ಮೊಸರು ಸಿಕ್ಕರೆ ಅದನ್ನೇ ಇಡಿ, ಮಣ್ಣು ನೀರು ಹೀರಿ ಗಟ್ಟಿಯಾದ ಮೊಸರು ಸಜ್ಜಿ ರೊಟ್ಟಿಗೆ ಒಳ್ಳೆಯ ಜೋಡಿ. ಅಟ್ಟದ ಮೇಲೆ ಅಜ್ಜಿಯ ಕಾಲದ ಹಿತ್ತಾಳೆ ಗಂಗಾಳ ಇದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಅದರಲ್ಲಿ ಹಸಿ ತರಕಾರಿ ಹರಡಿ: ಗಜ್ಜರಿ, ಸೌತಿಕಾಯಿ, ಹಕ್ಕರಕಿ, ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲ, ನಡುವೆ ಇಂಡಿ ಕಡೆಯ ಲಿಂಬೆ ಹೋಳು. ಹಳದಿ ಹಿತ್ತಾಳೆಯ ಮೇಲೆ ಆ ಹಸಿರು ಕೆಂಪು ಬಿದ್ದಾಗ ಬೇರೆ ಅಲಂಕಾರವೇ ಬೇಡ.

ತಾಟಿನಲ್ಲಿ ಉಪ್ಪು, ಉಪ್ಪಿನಕಾಯಿ, ಹಿಂಡಿ ಎಡಕ್ಕೆ, ಪಲ್ಲೆ ಬಲಕ್ಕೆ. ಹಿಂಡಿಯ ಗುಡ್ಡೆಗೆ ಬೆರಳಿನಿಂದ ಒಂದು ಕುಳಿ ಒತ್ತಿ ಕುಸುಬಿ ಎಣ್ಣೆ ತುಂಬಿ. ಎಣ್ಣೆ ಮೆಲ್ಲಗೆ ಅಂಚಿಗೆ ಇಳಿದು ಪುಡಿ ಕಪ್ಪಾಗುತ್ತ ಬರುವುದನ್ನು ನೋಡುತ್ತ ಮೊದಲ ತುತ್ತಿಗೆ ಕಾಯುವುದು ನನಗೆ ಚಿಕ್ಕಂದಿನಿಂದ ಪ್ರೀತಿ. ಕೂಡುವ ಮುಂಚೆ ತಾಟು ಎಣಿಸುವಾಗ ನಿಮ್ಮದನ್ನು ಮೊದಲು ಎಣಿಸಿ, ಅದಕ್ಕೂ ಎಲ್ಲರ ಜೊತೆಗೇ ಬಡಿಸಿ.

ಹೊಲದಿಂದ ಯಾರಾದರೂ ಸೀತನಿ ತಂದರೆ ಸಂಜೆಗೆ ಬೇರೆ ತಿಂಡಿ ಮಾಡಬೇಡಿ. ಹಾಲುಗಾಳಿನ ಜೋಳದ ತೆನೆ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಉದುರಿಸಿ, ಬೆಲ್ಲ, ಶೇಂಗಾ ಹಿಂಡಿ ಜೊತೆ ಅಂಗಳದಲ್ಲೇ ತಿನ್ನುವಂಥದ್ದು. ಕಾಳು ಬಲಿತರೆ ಆ ಸವಿ ಮುಗಿಯಿತು, ಮತ್ತೆ ಮುಂದಿನ ವರ್ಷವೇ.

ರಾತ್ರಿ ಉಳಿದದ್ದನ್ನು ಲೆಕ್ಕ ಹಾಕಿ. ಕಾಳು ಪಲ್ಲೆ, ಎಣ್ಣಿಗಾಯಿ ಅವತ್ತೇ ಖಾಲಿಯಾಗಲಿ. ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಹಿಂಡಿ ಮರುದಿನ ಸಂಕ್ರಾಂತಿಯ ಬುತ್ತಿ. ಕೂಡಲಸಂಗಮಕ್ಕೋ ಹತ್ತಿರದ ಹೊಳೆಗೋ ಎಳ್ಳು ಹಚ್ಚಿಕೊಂಡು ಮೀಯಲು ಹೋಗುವವರು ಬೆಳಿಗ್ಗೆ ಒಲೆ ಹಚ್ಚುವ ಅಗತ್ಯವೇ ಇಲ್ಲ. ಮೊಸರಿನ ಗಡಿಗೆಗೆ ಹಸಿ ಅರಿವೆ ಸುತ್ತಿ, ರೊಟ್ಟಿಯ ಗಂಟನ್ನು ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡು ಹೊರಡಿ.