ಮಂಡಿಯ ಲಿಗಮೆಂಟ್: ನೋಡಿದರೆ ಸಾಲದು, ಎಳೆದು ನೋಡಬೇಕು

ಮಂಡಿ ತಿರುಚಿದಾಗ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿ) ಹರಿದಿದೆಯೇ ಎಂದು ತಿಳಿಯಲು ಈಗ ಮೊದಲು ಮಾಡಿಸುವುದು ಎಂಆರ್‌ಐ. ಬರೀ ಪತ್ತೆಗೆಂದು ಕೀಲಿನೊಳಗೆ ದರ್ಶಕ (ಒಳಭಾಗವನ್ನು ತೋರಿಸುವ ಸಪುರ ನಳಿಗೆ) ಇಳಿಸುವುದು, ಅಂದರೆ ಆರ್ತ್ರೋಸ್ಕೋಪಿ, ಕಡಿಮೆಯಾಗಿದೆ, ಅದು ಒಳ್ಳೆಯದೇ. ಆದರೆ ಎಂಆರ್‌ಐ ಕೊಡುವುದು ಅಲುಗದ ಚಿತ್ರ. ಅರ್ಧ ಹರಿದ ಲಿಗಮೆಂಟ್‌ನಲ್ಲಿ ಬಿಗಿ ಎಷ್ಟು ಉಳಿದಿದೆ ಎಂಬುದು ಎಳೆದಾಗಲೇ ಗೊತ್ತಾಗುವುದು. ಆರ್ತ್ರೋಸ್ಕೋಪಿಯ ಬೆಲೆ ಇರುವುದು ಅಲ್ಲಿ.

1918ರಲ್ಲಿ ಜಪಾನಿನ ಕೆಂಜಿ ತಕಾಗಿ ಮೂತ್ರಕೋಶ ನೋಡುವ ದರ್ಶಕವನ್ನು ಶವದ ಮಂಡಿಯೊಳಗೆ ಇಳಿಸಿ ನೋಡಿದ್ದರು. ಇಂದಿನ ದರ್ಶಕ ಸುಮಾರು 4 ಮಿ.ಮೀ. ದಪ್ಪ. ಅದರ ಮಸೂರ 30 ಡಿಗ್ರಿ ಓರೆಯಾಗಿರುವುದರಿಂದ, ನಳಿಗೆಯನ್ನು ಇದ್ದಲ್ಲೇ ತಿರುಗಿಸಿದರೂ ಸುತ್ತಲಿನ ಭಾಗ ಕಾಣುತ್ತದೆ.

ಪರೀಕ್ಷೆ ಶುರುವಾಗುವುದು ಚರ್ಮ ಕೊಯ್ಯುವ ಮೊದಲೇ. ಎಚ್ಚರವಿರುವವರ ಸ್ನಾಯುಗಳು ನೋವಿಗೆ ಬಿಗಿಯುತ್ತವೆ, ಅರಿವಳಿಕೆಯಲ್ಲಿ ಸಡಿಲಾಗುತ್ತವೆ. ಆಗ ಮಂಡಿಯನ್ನು 20ರಿಂದ 30 ಡಿಗ್ರಿ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಿಂದ ಕೆಳಗಾಲನ್ನು ಮುಂದಕ್ಕೆ ಎಳೆಯುತ್ತಾರೆ. ಇದು ಲ್ಯಾಕ್‌ಮನ್ ಪರೀಕ್ಷೆ. ಇನ್ನೊಂದು ಕಾಲಿಗೂ ಇದನ್ನೇ ಮಾಡಿ ಹೋಲಿಸಬೇಕು, ಏಕೆಂದರೆ ಕೆಲವರ ಕೀಲು ಹುಟ್ಟಿನಿಂದಲೇ ಸಡಿಲ.

ಮಂಡಿಚಿಪ್ಪಿನ ಕೆಳಗಿನ ಸ್ನಾಯುಬಂಧದ ಹೊರಪಕ್ಕದಲ್ಲಿ, ಕೀಲಿನ ಗೆರೆಗಿಂತ ಸುಮಾರು 1 ಸೆಂ.ಮೀ. ಮೇಲೆ ದರ್ಶಕ ಇಳಿಸುವ ಮೊದಲ ರಂಧ್ರ. ತೀರಾ ಕೆಳಗಾದರೆ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಕೊಯ್ದು ಹೋದೀತು. ತೀರಾ ಮೇಲಾದರೆ ಉಪಕರಣ ಹಿಂಭಾಗಕ್ಕೆ ತಲುಪದು. ಸಲೈನ್ ಹರಿಸಿ ಕೀಲನ್ನು ಉಬ್ಬಿಸಿದ ಮೇಲೆ ಒಳಪಕ್ಕದಲ್ಲಿ ಎರಡನೇ ರಂಧ್ರ. ಇದಕ್ಕೆ ಮೊದಲು ಸೂಜಿ ಚುಚ್ಚಿ, ಅದರ ತುದಿ ಎಲ್ಲಿ ಬಂತೆಂದು ಪರದೆಯಲ್ಲಿ ನೋಡಿಕೊಂಡೇ ಕೊಯ್ಯುತ್ತಾರೆ. ಅಲ್ಲಿಂದ ಒಳಹೋಗುವುದು ಪ್ರೋಬ್, ಅಂದರೆ ತುದಿ ಬಾಗಿದ ಸಪುರ ಕೊಕ್ಕೆ. ಈ ಪರೀಕ್ಷೆಯಲ್ಲಿ ದರ್ಶಕದಷ್ಟೇ ಮುಖ್ಯ ಉಪಕರಣ ಇದು. ಬಾಗಿದ ತುದಿಯ ಉದ್ದ ಗೊತ್ತಿದ್ದರೆ ಅದೇ ಅಳತೆಗೋಲೂ ಆಗುತ್ತದೆ.

ಕಣ್ಣನ್ನು ಅತಿ ಹೆಚ್ಚು ಮೋಸಗೊಳಿಸುವುದು ಎಸಿಎಲ್, ಅಂದರೆ ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವ ಲಿಗಮೆಂಟ್. ಅದರ ಮೇಲೆ ತೆಳ್ಳನೆಯ ಪೊರೆಯಿದೆ. ಒಳಗಿನ ಎಳೆಗಳು ಕಿತ್ತುಹೋಗಿದ್ದರೂ ಪೊರೆ ಅಖಂಡವಾಗಿ ಕಾಣಬಹುದು. ಇನ್ನೂ ಹೆಚ್ಚು ಎಡವಿಸುವುದು ಹಳೆಯ ಗಾಯ: ತೊಡೆಮೂಳೆಯಿಂದ ಕಿತ್ತು ಬಿದ್ದ ತುಂಡು ಪಕ್ಕದ ಪಿಸಿಎಲ್‌ಗೆ (ಅದೇ ಮೂಳೆ ಹಿಂದಕ್ಕೆ ಜಾರದಂತೆ ತಡೆಯುವ ಲಿಗಮೆಂಟ್‌ಗೆ) ಅಂಟಿಕೊಂಡಿರುತ್ತದೆ. ಮುಂದಿನಿಂದ ನೋಡಿದವರಿಗೆ ಲಿಗಮೆಂಟ್ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಕಾಲನ್ನು ಚಕ್ಕಳಮಕ್ಕಳದಂತೆ ಮಡಿಸಿ, ಕೊಕ್ಕೆಯಿಂದ ಎಳೆಗಳನ್ನು ಬದಿಗೆ ಸರಿಸಿದರೆ ಅದು ಅಂಟಿರಬೇಕಾದ ಮೂಳೆಯ ಗೋಡೆ ಬರಿದಾಗಿರುವುದು ಕಾಣುತ್ತದೆ. ಆರೋಗ್ಯವಂತ ಎಸಿಎಲ್ ಅನ್ನು ಕೊಕ್ಕೆ ಹಾಕಿ ಎಳೆದರೆ ಬಿಗಿಯಾಗಿ ತಡೆಯುತ್ತದೆ, ಹರಿದದ್ದು ಜೋಲುತ್ತದೆ. ಆದರೆ ಜೋಲಿದ್ದೆಲ್ಲ ಹರಿದದ್ದಲ್ಲ! ಪಿಸಿಎಲ್ ಹರಿದು ಕೆಳಗಾಲಿನ ಮೂಳೆ ಹಿಂದಕ್ಕೆ ಜಾರಿದಾಗ ಗಟ್ಟಿಯಾದ ಎಸಿಎಲ್ ಕೂಡ ಸಡಿಲವಾಗಿ ತೋರುತ್ತದೆ. ಮೂಳೆಯನ್ನು ಮುಂದಕ್ಕೆ ತಂದು ಸ್ವಸ್ಥಾನದಲ್ಲಿ ಹಿಡಿದರೆ ಮತ್ತೆ ಬಿಗಿಯುತ್ತದೆ. ಇದನ್ನು ಮರೆತರೆ ತಪ್ಪು ಲಿಗಮೆಂಟ್‌ಗೆ ಶಸ್ತ್ರಚಿಕಿತ್ಸೆ ನಡೆದುಹೋಗಬಹುದು.

ಪಕ್ಕದ ಲಿಗಮೆಂಟ್‌ಗಳ ಬಹುಭಾಗ ಕೀಲಿನ ಹೊರಗಿರುವುದರಿಂದ ಅವನ್ನು ಪರೋಕ್ಷವಾಗಿ ಅಳೆಯಬೇಕು. ಮಂಡಿಯನ್ನು ಪಕ್ಕಕ್ಕೆ ಒತ್ತಿದಾಗ ಎರಡು ಮೂಳೆಗಳ ನಡುವಿನ ಸಂದು ದರ್ಶಕ ಸಲೀಸಾಗಿ ಹಾದುಹೋಗುವಷ್ಟು ಬಾಯಿ ಬಿಟ್ಟರೆ ಅನುಮಾನ ಬಲವಾಗುತ್ತದೆ. ಎಸಿಎಲ್ ಹರಿದವರಲ್ಲಿ ಒಳ ಮೆನಿಸ್ಕಸ್‌ನ ಹಿಂಬದಿ ಅಂಚನ್ನೂ ನೋಡಲೇಬೇಕು. ಮುಂದಿನಿಂದ ಅದು ಮರೆಯಲ್ಲಿರುತ್ತದೆ. ದರ್ಶಕವನ್ನು ಎರಡು ಲಿಗಮೆಂಟ್‌ಗಳ ಬಳಿಯ ಕಿರುದಾರಿಯಿಂದ ಹಿಂದಕ್ಕೆ ತೂರಿಸಬೇಕು, ಕೆಲವೊಮ್ಮೆ 70 ಡಿಗ್ರಿ ಮಸೂರವೇ ಬೇಕು.

ಗಾಯ ಹೊಸದಾಗಿದ್ದರೆ ಕೀಲಿನ ಹೊದಿಕೆಯೂ ಹರಿದಿರಬಹುದು. ಆಗ ಸಲೈನ್ ಮೀನಖಂಡಕ್ಕೆ ಸೋರಿ, ಒತ್ತಡ ಏರಿ ರಕ್ತಸಂಚಾರಕ್ಕೇ ಕುತ್ತು ಬರಬಹುದು. ಆದ್ದರಿಂದ ನೀರಿನ ಒತ್ತಡ ತಗ್ಗಿಸಿ, ಕೆಲಸದ ನಡುವೆಯೂ ಮೀನಖಂಡವನ್ನು ಕೈಯಿಂದ ಒತ್ತಿ ನೋಡುತ್ತಿರಬೇಕು. ಕಲ್ಲಿನಂತೆ ಗಟ್ಟಿಯಾಗತೊಡಗಿದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು.