ಬ್ರೈಟ್‌ನೆಸ್ ಪಟ್ಟಿ ಇಳಿಯುತ್ತೆ, ಬೆಳಕು ಇಳಿಯಲ್ಲ

ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ಕೊಂಡಿರೋರಲ್ಲಿ ಕೆಲವರಿಗಾದ್ರೂ ಇದು ಗೊತ್ತಿರುತ್ತೆ, ಬ್ರೈಟ್‌ನೆಸ್ ಕೀ ಒತ್ತಿದ್ರೆ ಸ್ಕ್ರೀನ್ ಮೇಲಿನ ಪಟ್ಟಿ ಏರುತ್ತೆ ಇಳಿಯುತ್ತೆ, ಬೆಳಕು ಮಾತ್ರ ಇದ್ದಷ್ಟೇ ಇರುತ್ತೆ. ನಂದೊಂದು ಮಷೀನಲ್ಲೂ ಹಿಂಗೇ ಆಗ್ತಿತ್ತು, ರಾತ್ರಿ ಲೈಟ್ ಆರಿಸಿ ಕೂತ್ರೆ ಕಣ್ಣು ಉರಿ. ಪ್ಯಾನೆಲ್ ಕೆಟ್ಟೋಗಿದೆ ಅಂದ್ಕೊಂಡಿದ್ದೆ, ಕೆಟ್ಟಿರ್ಲಿಲ್ಲ, ತಪ್ಪೆಲ್ಲಾ ಇದ್ದಿದ್ದು ಫರ್ಮ್‌ವೇರಲ್ಲಿ, ಅಂದ್ರೆ ಕಂಪನಿಯೋರು ಮಷೀನ್ ಒಳಗೇ ಹಾಕಿ ಕೊಡೋ ಸಾಫ್ಟ್‌ವೇರಲ್ಲಿ.

ಮದರ್‌ಬೋರ್ಡ್ ಫರ್ಮ್‌ವೇರ್ ಮತ್ತೆ ಆಪರೇಟಿಂಗ್ ಸಿಸ್ಟಮ್ ಮಾತಾಡ್ಕೊಳ್ಳೋಕೆ ಎಸಿಪಿಐ ಅಂತ ಒಂದು ಒಪ್ಪಂದ ಇದೆ, 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಹೊರಗೆ ತಂದಿದ್ದು. ಅದ್ರಲ್ಲಿ ಬ್ರೈಟ್‌ನೆಸ್‌ಗೆ ಮುಖ್ಯವಾಗಿ ಮೂರು ಮೆಥಡ್, ಅಂದ್ರೆ ಕೇಳಿದಾಗ ಫರ್ಮ್‌ವೇರ್ ಮಾಡಿಕೊಡ್ಬೇಕಾದ ಕೆಲಸಗಳು. ಬಿಸಿಎಲ್ ಕೇಳಿದ್ರೆ ಯಾವ್ಯಾವ ಲೆವೆಲ್ ಇದೆ ಅಂತ ಲಿಸ್ಟ್ ಕೊಡ್ಬೇಕು, ಬಿಸಿಎಂ ಲೆವೆಲ್ ಸೆಟ್ ಮಾಡ್ಬೇಕು, ಬಿಕ್ಯೂಸಿ ಈಗೆಷ್ಟಿದೆ ಅಂತ ಹೇಳ್ಬೇಕು. ಕೇಳೋಕೆ ಸುಲಭ.

ಆದ್ರೆ ಲಿಸ್ಟಿನ ಮೊದಲೆರಡು ನಂಬರ್ ಚಾರ್ಜರ್ ಹಾಕಿದಾಗ ಎಷ್ಟು, ಬ್ಯಾಟರಿ ಮೇಲಿದ್ದಾಗ ಎಷ್ಟು ಅನ್ನೋದಕ್ಕೆ ಮೀಸಲು, ಕೆಲವು ಫರ್ಮ್‌ವೇರ್ ಅದನ್ನ ಬಿಟ್ಟು ಸೀದಾ ಲೆವೆಲ್‌ಗಳನ್ನೇ ಶುರು ಮಾಡ್ಬಿಡುತ್ತೆ. ಇನ್ನು ಕೆಲವು ಲಿಸ್ಟನ್ನ ತಲೆಕೆಳಗಾಗಿ, ದೊಡ್ಡದ್ರಿಂದ ಚಿಕ್ಕದಕ್ಕೆ ಕೊಡುತ್ತೆ. ಬಿಕ್ಯೂಸಿ ಕಥೆ ಇನ್ನೂ ಕಷ್ಟ, 40 ಅಂತ ಹೇಳೋ ಬದಲು ಆ 40 ಲಿಸ್ಟಲ್ಲಿ ಎಷ್ಟನೇ ಜಾಗದಲ್ಲಿದೆ ಅನ್ನೋ ನಂಬರ್ ಹೇಳೋವೂ ಇವೆ, ಏನೇ ಮಾಡಿದ್ರೂ ಫುಲ್ ಬ್ರೈಟ್‌ನೆಸ್ ಇದೆ ಅಂತಾನೇ ಹೇಳೋವೂ ಇವೆ.

ಇದಕ್ಕೆ ಲಿನಕ್ಸ್‌ನ ಡ್ರೈವರ್ (ಹಾರ್ಡ್‌ವೇರ್ ನಡೆಸೋ ಪ್ರೋಗ್ರಾಂ) ಮಾಡೋ ಉಪಾಯ ನಂಗೆ ಬಹಳ ಇಷ್ಟ. ಬಿಕ್ಯೂಸಿ ಹೇಳಿದ್ದನ್ನ ಹಾಗೇ ನಂಬಲ್ಲ, ಮೊದಲೇ ಒಂದು ಪರೀಕ್ಷೆ. ಫುಲ್ ಅಲ್ಲದ ಒಂದು ಲೆವೆಲ್ ತಾನೇ ಸೆಟ್ ಮಾಡಿ ಈಗೆಷ್ಟಿದೆ ಅಂತ ವಾಪಸ್ ಕೇಳುತ್ತೆ, ಉತ್ತರ ತಾಳೆ ಆದ್ರೆ ಸರಿ, ಆಗ್ಲಿಲ್ಲಾಂದ್ರೆ ಇದು ಜಾಗದ ನಂಬರ್ ಇರ್ಬಹುದಾ ಅಂತ ನೋಡುತ್ತೆ, ಅದೂ ಕೂಡಿಬರ್ಲಿಲ್ಲ ಅಂದ್ರೆ ಆಮೇಲೆ ಬಿಕ್ಯೂಸಿನ ಕೇಳೋದೇ ಇಲ್ಲ, ತಾನು ಕೊನೇಲಿ ಸೆಟ್ ಮಾಡಿದ್ದನ್ನೇ ನೆನಪಿಟ್ಕೊಳ್ಳುತ್ತೆ.

2012ರಲ್ಲಿ ವಿಂಡೋಸ್ 8 ಬಂದ್ಮೇಲೆ ಇನ್ನೊಂದು ತೊಡಕು. ಅಲ್ಲಿಂದ ಬೆಳಕಿನ ಕೆಲಸ ಗ್ರಾಫಿಕ್ಸ್ ಡ್ರೈವರ್ ಕೈಗೆ ಹೋಯ್ತು, ಹಳೇ ಎಸಿಪಿಐ ದಾರಿ ಫರ್ಮ್‌ವೇರಲ್ಲಿ ಉಳೀತು ಆದ್ರೆ ಎಷ್ಟೋ ಮಾಡೆಲಲ್ಲಿ ಕೆಲ್ಸ ಮಾಡ್ತಿರ್ಲಿಲ್ಲ. ನೀನು ಯಾವ ವಿಂಡೋಸ್ ಅಂತ ಫರ್ಮ್‌ವೇರ್ ಕೇಳಿದ್ರೆ ಲಿನಕ್ಸ್ ಹೊಸ ವಿಂಡೋಸ್ ಹೆಸರಿಗೂ ಹೂಂ ಅನ್ನುತ್ತೆ, ಇಲ್ಲಾಂದ್ರೆ ಎಷ್ಟೋ ಫೀಚರ್ ಸಿಗಲ್ಲ, ಹಂಗಾಗಿ ಈ ತೊಂದ್ರೆನೂ ಜೊತೆಗೇ ಬಂತು. ಈಗಿನ ಕರ್ನಲ್, ಅಂದ್ರೆ ಲಿನಕ್ಸ್‌ನ ತಿರುಳು, ಅಂಥ ಮಷೀನಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಡ್ರೈವರ್‌ನೇ ಆರಿಸ್ಕೊಳ್ಳುತ್ತೆ, ಒಂದೇ ಪ್ಯಾನೆಲ್‌ಗೆ ಎರಡೆರಡು ಕಂಟ್ರೋಲ್ ತೋರಿಸೋದನ್ನೂ 2022ರ ಡಿಸೆಂಬರಲ್ಲಿ ಬಂದ 6.1ರಲ್ಲಿ ಸರಿ ಮಾಡಿದ್ರು.

ಇಷ್ಟಾದ್ರೂ ಯಾವ ನಿಯಮಕ್ಕೂ ಸಿಗದ ಮಾಡೆಲ್‌ಗಳು ಉಳಿಯುತ್ವೆ. ಅವಕ್ಕೆ ಕರ್ನಲ್ ಒಳಗೇ ಒಂದು ಪಟ್ಟಿ ಇದೆ, ಕಂಪನಿ ಹೆಸರು, ಮಾಡೆಲ್ ಹೆಸರು, ಇದಕ್ಕೆ ಈ ದಾರಿ ಅಂತ. ಬೂಟ್ ಮಾಡುವಾಗ ಬ್ಯಾಕ್‌ಲೈಟ್‌ಗೆ ನೇಟಿವ್ (ಗ್ರಾಫಿಕ್ಸ್ ಡ್ರೈವರ್ ದಾರಿನೇ ಹಿಡಿ) ಅಂತ ಆಪ್ಷನ್ ಕೊಟ್ಟು ನೋಡಿ ಸರಿಹೋಯ್ತು ಅಂತ ಯಾರೋ ಒಬ್ರು ತಿಳಿಸಿರ್ತಾರೆ, ಆಮೇಲೆ ನಾಲ್ಕೈದು ಸಾಲು ಸೇರುತ್ತೆ, ಮುಂದಿನ ಕರ್ನಲ್ ಹಾಕ್ಕೊಂಡಾಗ ಅದೇ ಮಾಡೆಲ್ ಇಟ್ಕೊಂಡಿರೋ ಎಲ್ರ ಸ್ಕ್ರೀನೂ ಕೀ ಒತ್ತಿದ ತಕ್ಷಣ ಮಬ್ಬಾಗುತ್ತೆ.